ಅಪ್ಪನ ಹೆಸರಲ್ಲಿರೋ ಮನೆ: 2004ಕ್ಕಿಂತ ಹಿಂದಿನ ದಾಖಲೆ ಹುಡುಕೋದು, ಕಂದಾಯ ವಿನಾಯಿತಿ. ಅನುಭವ ಇದ್ದೋರು ದಯವಿಟ್ಟು ಹೇಳಿ

ಕೆಂಪುಹಂಚು:
ಎಲ್ಲರಿಗೂ ನಮಸ್ಕಾರ. ಚಿಕ್ಕಮಗಳೂರು ಬಸವನಹಳ್ಳಿ ಕಡೆ ನಮ್ಮ ಮನೆ. ಅಪ್ಪ ಈ ಸಂಕ್ರಾಂತಿ ಆದ ವಾರಕ್ಕೆ ತೀರ್ಕೊಂಡ್ರು. ಮನೆ ಅವರು 1979ರಲ್ಲಿ ಸ್ವಂತ ದುಡ್ಡಲ್ಲಿ ಕೊಂಡಿದ್ದು, ಖಾತೆ ಇನ್ನೂ ಅವರ ಹೆಸರಲ್ಲೇ ಇದೆ. ವಿಲ್ ಬರೆದಿಲ್ಲ. ಇರೋದು ಅಮ್ಮ, ನಾನು, ಇಬ್ಬರು ಅಕ್ಕಂದಿರು. ಮುಂದುಗಡೆ ಒಂದು ಮಳಿಗೆ ಬಾಡಿಗೆಗೆ ಕೊಟ್ಟಿದೀವಿ, ಹಿಂದೆ ಅಮ್ಮ ಇದ್ದಾರೆ. ಈ ಮಳೆಗಾಲ ಹಂಚು ಪೂರ್ತಿ ಸೋರ್ತು. ರಿಪೇರಿಗೆ ಸಾಲ ಕೇಳೋಕೆ ಹೋದ್ರೆ ಮೂಲ ಕ್ರಯಪತ್ರ, 30 ವರ್ಷದ ಇಸಿ (ಋಣಭಾರ ಪತ್ರ, ಆಸ್ತಿ ಮೇಲೆ ನೋಂದಣಿ ಆದ ಮಾರಾಟ, ಅಡಮಾನದ ಪಟ್ಟಿ), ಇ-ಖಾತಾ ಮೂರೂ ತನ್ನಿ ಅಂದ್ರು. ಮೂಲ ಪತ್ರ ಸಿಕ್ತಿಲ್ಲ. ನೋಂದಣಿ ಇಲಾಖೆಯ ಕಾವೇರಿ ವೆಬ್‌ಸೈಟಲ್ಲಿ ಇಸಿಗೆ ಹಾಕಿದ್ರೆ 1-4-2004ರಿಂದ ಈಚೆಗಷ್ಟೇ ಬರುತ್ತೆ, ಅದೂ ನಿಲ್ (ಏನೂ ನಮೂದಿಲ್ಲ) ಅಂತ ಬಂತು. ಅದಕ್ಕಿಂತ ಹಿಂದಿನದು ಹುಡುಕ್ಸೋದು ಹೇಗೆ?

ಇನ್ನೊಂದು. ಅಪ್ಪ ಮಾಜಿ ಸೈನಿಕರು, ಹವಾಲ್ದಾರ್ ಆಗಿ ರಿಟೈರ್ ಆಗಿ ಬಂದೋರು. ಮನೆ ಕಂದಾಯ ಇಷ್ಟು ವರ್ಷವೂ ಪೂರ್ತಿ ಕಟ್ಟಿದಾರೆ. ವಿನಾಯಿತಿ ಇದೆ ಅಂತ ಮೊನ್ನೆ ಯಾರೋ ಹೇಳಿದ್ರು. ಅಮ್ಮನಿಗೆ ಅದು ಸಿಗುತ್ತಾ? ಮಾಡಿಸಿದೋರು ಇದ್ರೆ ಬರೀರಿ.

ಹಳೆಪತ್ರ:
ನಿಲ್ ಬಂತು ಅಂತ ನಿಶ್ಚಿಂತೆಯಾಗಿ ಇರಬೇಡಿ ತಮ್ಮಾ. ನಾನು ಹಾಗೇ ಇದ್ದೆ, ಎರಡು ಲಕ್ಷ ಕಳ್ಕೊಂಡೆ.

2011ರಲ್ಲಿ ಹಾಸನದಲ್ಲಿ 30×40ರ ಮನೆ ತಗೊಂಡೆ, 19 ಲಕ್ಷಕ್ಕೆ. 2004ರಿಂದ ಈಚೆಗೆ ಕಂಪ್ಯೂಟರ್ ಇಸಿ ನಿಲ್. 1985ರಿಂದ 2004ರವರೆಗೆ ಕೈಬರಹದ ಪುಸ್ತಕ ನೋಡಿಸಿದ್ದು, ಅದೂ ನಿಲ್, ನಮೂನೆ 16ರಲ್ಲಿ ಸೀಲು ಹಾಕಿ ಕೊಟ್ಟರು. ಅದನ್ನ ಲ್ಯಾಮಿನೇಷನ್ ಮಾಡಿಸಿ ಇಟ್ಟಿದ್ದೆ. 2016ರಲ್ಲಿ ಮೇಲೆ ಒಂದು ಅಂತಸ್ತು ಹಾಕೋಣ ಅಂತ ಸಾಲಕ್ಕೆ ಹೋದೆ. ಬ್ಯಾಂಕಿನ ವಕೀಲರು ಮನೆ ನಂಬರ್ ಬಿಟ್ಟು ಹೆಸರಿನ ಇಂಡೆಕ್ಸಲ್ಲಿ ಹುಡುಕಿಸಿದ್ರು. ನನಗೆ ಮಾರಿದವನ ತಂದೆ 1997ರಲ್ಲಿ ಅದೇ ಜಾಗ ಒಂದು ಸಹಕಾರ ಸಂಘಕ್ಕೆ ಅಡಮಾನ ಮಾಡಿದ್ದು ಎದ್ದು ಬಂತು. ರಿಜಿಸ್ಟರ್ ಆದ ಅಡಮಾನ ಪತ್ರವೇ.

ಮತ್ತೆ ಇಸಿಯಲ್ಲಿ ಯಾಕೆ ಬರಲಿಲ್ಲ? ನಾವು ಅರ್ಜಿಯಲ್ಲಿ ಬರೆದದ್ದು ಖಾತೆ ನಂಬರ್ 412. ಅಡಮಾನ ಪತ್ರದಲ್ಲಿ ಇದ್ದದ್ದು ಸರ್ವೆ ನಂಬರ್ 58/2, ನಿವೇಶನ 17. ಬಡಾವಣೆ ಊರೊಳಗೆ ಸೇರಿದ ಮೇಲೆ ಮನೆ ನಂಬರ್ ಬದಲಾಗಿದೆ, ಸಬ್ ರಿಜಿಸ್ಟ್ರಾರ್ ಪುಸ್ತಕಕ್ಕೆ ಅದು ಗೊತ್ತಿಲ್ಲ. ಯಾವ ನಂಬರ್ ಕೇಳ್ತೀರೋ ಆ ನಂಬರಿಗಷ್ಟೇ ಅವರು ನಿಲ್ ಅಂತ ಬರೆದು ಕೊಡೋದು. ನಿಮ್ಮ ಜಾಗಕ್ಕೆ ಋಣ ಇಲ್ಲ ಅನ್ನೋ ಮಾತು ಅದರಲ್ಲಿ ಎಲ್ಲೂ ಇರಲ್ಲ.

ಆ ಪುಟ ನಾನೇ ಕಣ್ಣಾರೆ ನೋಡಿದೆ. ಉದ್ದದ ರಿಜಿಸ್ಟರ್, ಬೆನ್ನು ಕಿತ್ತು ಹೋಗಿ ದಾರದಲ್ಲಿ ಹೊಲಿದಿದ್ದಾರೆ. ನೀಲಿ ಇಂಕು ಹಿಂದಿನ ಪುಟಕ್ಕೆ ಇಳಿದಿದೆ. ಚಕ್ಕುಬಂದಿ (ನಾಲ್ಕು ದಿಕ್ಕಿನ ಗಡಿ) ಕಾಲಮ್ಮಲ್ಲಿ 'ಪಶ್ಚಿಮಕ್ಕೆ ಬಾವಿ' ಅಂತಿದೆ. ನಮ್ಮ ಪಶ್ಚಿಮಕ್ಕೆ ಈಗ ಇರೋದು ಪಕ್ಕದವರ ಕಾರ್ ಶೆಡ್ಡು. ಬಾವಿ ಮುಚ್ಚಿ 20 ವರ್ಷ ಆಗಿತ್ತಂತೆ.

ಅಸಲು 60 ಸಾವಿರ, ಬಡ್ಡಿ ಸೇರಿ 1,84,300. ವಕೀಲರಿಗೆ 22,000. ಪತ್ರ ಬರಹಗಾರರಿಗೆ 2,500. ನನ್ನ ರಜೆ 11 ದಿನ. ಮಾರಿದವನು ಫೋನ್ ನಂಬರನ್ನೇ ಬದಲಾಯಿಸಿದ.

ಹೇಮಾವತಿ ದಂಡೆ:
ಹೊಸಬರನ್ನ ಇಷ್ಟು ಹೆದರಿಸೋ ಅಗತ್ಯ ಇಲ್ಲ. ನಾನು ಪೂರ್ತಿ ನಾನೇ ಮಾಡಿಕೊಂಡೆ, ಬ್ರೋಕರ್ ಇಲ್ಲ, ಯಾರಿಗೂ ಒಂದು ಕಾಫಿ ಸಹ ಕೊಡಿಸಿಲ್ಲ. ಕಾವೇರಿ 2.0ನಲ್ಲಿ ಲಾಗಿನ್, ಜಿಲ್ಲೆ, ಉಪ ನೋಂದಣಿ ಕಚೇರಿ, ಹೋಬಳಿ, ಗ್ರಾಮ ಆಯ್ಕೆ ಮಾಡಿ ನಂಬರ್ ಹಾಕಿದೆ, ಡಿಜಿಟಲ್ ಸಹಿ ಇರೋ ಇಸಿ ಬಂತು. ಕ್ರಯಪತ್ರದ ದೃಢೀಕೃತ ನಕಲೂ ಅಲ್ಲೇ. ಇ-ಖಾತಾಗೆ ಇಸಿ, ಕ್ರಯಪತ್ರ, ಕಂದಾಯ ರಸೀದಿ, ಕರೆಂಟ್ ಬಿಲ್ಲು, ಮನೆ ಮುಂದೆ ನಿಂತು ಒಂದು ಫೋಟೋ, ಆಧಾರ್. ಎಲ್ಲಾ ಸೇರಿ ನನಗೆ ಬಿದ್ದದ್ದು 1,140 ರೂಪಾಯಿ, ಝೆರಾಕ್ಸ್ ಸೇರಿಸಿ. ಮನಸ್ಸು ಮಾಡಿದ್ರೆ ಒಂದು ತಿಂಗಳಲ್ಲಿ ಮುಗಿಯೋ ಕೆಲಸ.

ಮತ್ತೆ ಹಳೆಪತ್ರ ಅವರೇ, 1997ರ ಅಡಮಾನಕ್ಕೆ 2016ರಲ್ಲಿ ಯಾಕೆ ದುಡ್ಡು ಕಟ್ಟಿದ್ರಿ? 12 ವರ್ಷ ಆದ ಮೇಲೆ ಸಂಘ ದಾವೆ ಹಾಕೋ ಹಾಗೇ ಇಲ್ಲ. ನೀವು ಹೆದರಿ ಕಟ್ಟಿದ್ದೀರಿ, ಅದನ್ನ ಇಸಿ ಮೇಲೆ ಹಾಕ್ತಿದೀರಿ.

ಹಳೆಪತ್ರ:
ಸಂಘ ಮೊದಲೇ ದಾವೆ ಹಾಕಿ 2006ರಲ್ಲಿ ಅವಾರ್ಡ್, ಅಂದ್ರೆ ತೀರ್ಪು, ತಗೊಂಡಿತ್ತು ಸ್ವಾಮಿ. ಅದು ಇಸಿಯಲ್ಲಿ ಬರಲ್ಲ. ನಿಮ್ಮ ಮನೆ ಯಾವ ವರ್ಷದ್ದು ಹೇಳಿ ಮೊದಲು.

ಹೇಮಾವತಿ ದಂಡೆ:
2012. ಪ್ರಾಧಿಕಾರದ ಅನುಮೋದನೆ ಆದ ಲೇಔಟು.

ಹಳೆಪತ್ರ:
ನೋಡಿ. 2012ರ ಲೇಔಟಿಗೆ ನಂಬರೂ ಒಂದೇ, ಪತ್ರವೂ ಒಂದೇ. ಅಂಥದ್ದು ಯಾರಿಗೂ ಕಷ್ಟ ಅಲ್ಲ. ಈ ಹುಡುಗ ಕೇಳ್ತಿರೋದು 1979ರದ್ದು. ಸಲೀಸಾಗಿ ಆಗಿದ್ದನ್ನ ಸಾಧನೆ ಅಂತ ಬರೀಬೇಡಿ.

ಹೇಮಾವತಿ ದಂಡೆ:
ಸಾಧನೆ ಅಂತ ನಾನು ಎಲ್ಲೂ ಬರೆದಿಲ್ಲ. ಲಂಚ ಕೊಡದೆ ಆಗುತ್ತೆ ಅಂತ ಬರೆದೆ. ಅದು ನಿಜ. ಸರದಿಯಲ್ಲಿ ನಿಂತು ಮಾಡಿಸಿದ್ದಕ್ಕೆ ನನಗೆ ಹೆಮ್ಮೆಯೇ.

ಸುಬೇದಾರರ ಮಗಳು:
ಕೆಂಪುಹಂಚು ಅವರೇ, ಸೈನಿಕರ ವಿನಾಯಿತಿ ಬಗ್ಗೆ ನಾನು ಹೇಳ್ತೀನಿ. ಇದನ್ನ ಬರೆಯೋವಾಗ ಈಗಲೂ ಹೊಟ್ಟೆ ಉರಿಯುತ್ತೆ.

ಮಾಜಿ ಸೈನಿಕರು ಅಥವಾ ತೀರಿಕೊಂಡ ಮಾಜಿ ಸೈನಿಕರ ಕುಟುಂಬ ತಾವೇ ವಾಸ ಇರೋ ಮನೆಗೆ ಆಸ್ತಿ ತೆರಿಗೆಯಲ್ಲಿ ಅರ್ಧ ವಿನಾಯಿತಿ. ನಮ್ಮ ತಂದೆ ತೀರ್ಕೊಂಡು ಒಂಬತ್ತು ವರ್ಷ ಅಮ್ಮ ಪೂರ್ತಿ ಕಟ್ಟಿದಾರೆ, ಪೆನ್ಷನ್ ದುಡ್ಡಲ್ಲಿ. ಅಪ್ಪ ಇದ್ದಾಗಲೂ ಕೇಳಿರಲಿಲ್ಲ. ಕೌಂಟರಲ್ಲಿ ಯಾರೂ ತಾವಾಗಿ ಹೇಳಲ್ಲ, ಚಲನ್ನಲ್ಲೂ ತಾನಾಗಿ ಕಡಿಮೆ ಆಗಿ ಬರಲ್ಲ. ನಾವೇ ಅರ್ಜಿ ಕೊಡಬೇಕು.

ನಾನು ಕೊಟ್ಟಿದ್ದು: ಅಪ್ಪನ ಡಿಸ್ಚಾರ್ಜ್ ಬುಕ್ಕು, ಅಮ್ಮನ ಹೆಸರಿಗೆ ಬಂದ ಪಿಪಿಒ (ಪೆನ್ಷನ್ ಆದೇಶ ಪತ್ರ), ಸೈನಿಕ ಕಲ್ಯಾಣ ಇಲಾಖೆಯ ಗುರುತಿನ ಚೀಟಿ, ಮರಣ ಪತ್ರ, ಹಿಂದಿನ ವರ್ಷದ ರಸೀದಿ. ಮೊದಲನೇ ಸಲ ವಾಪಸ್. ಡಿಸ್ಚಾರ್ಜ್ ಬುಕ್ಕಲ್ಲಿ ಅಪ್ಪನ ಹೆಸರು ಇನಿಷಿಯಲ್ ಇಲ್ಲದೆ ಇದೆ, ಖಾತೆಯಲ್ಲಿ ಇನಿಷಿಯಲ್ ಜೊತೆ ಇದೆ. ಇಬ್ಬರೂ ಒಬ್ಬರೇ ಅಂತ ಅಫಿಡವಿಟ್ ಮಾಡಿಸಿದೆ, ನೋಟರಿಗೆ 300. ಎರಡನೇ ಸಲ ವಾಪಸ್, ಖಾತೆ ಅಮ್ಮನ ಹೆಸರಿಗೆ ಆಗಬೇಕು ಅಂದ್ರು. ಅದಕ್ಕೇ ಏಳು ತಿಂಗಳು. ಮೂರನೇ ಸಲ ಸ್ಥಳ ನೋಡೋಕೆ ಬಂದ್ರು, ಮುಂದಿನ ಕೋಣೆಯಲ್ಲಿ ಟೈಲರ್ ಮೆಷಿನ್ ಕಂಡಿತು. ಅಷ್ಟು ಭಾಗ ಬಾಡಿಗೆ, ಅದಕ್ಕೆ ಇಲ್ಲ ಅಂದ್ರು. ಅದು ಸರಿಯೇ, ಅದಕ್ಕೆ ನಾನು ಜಗಳ ಆಡಲಿಲ್ಲ.

ಸೆಸ್ ಬಿಟ್ಟು ನಮ್ಮ ಕಂದಾಯ ಒಟ್ಟು 6,240. ಅದರಲ್ಲಿ ಅಂಗಡಿ ಭಾಗಕ್ಕೆ 2,180. ಉಳಿದ 4,060ಕ್ಕೆ ಅರ್ಧ, ಅಂದ್ರೆ 2,030 ಕಡಿಮೆ ಆಯ್ತು. ಅರ್ಜಿ ಕೊಟ್ಟ ವರ್ಷದಿಂದ ಅಷ್ಟೇ. ಹಿಂದಿನ ಒಂಬತ್ತು ವರ್ಷದ್ದು, ಇದೇ ದರದಲ್ಲಿ ಲೆಕ್ಕ ಹಿಡಿದ್ರೆ 18,270, ಕೊಡೋಕೆ ಬರಲ್ಲ ಅಂದುಬಿಟ್ರು. ನಿಮಗೂ ಮಳಿಗೆ ಇದೆ ಅಂದ್ರಲ್ಲ, ಅಳತೆ ಹಾಕಿಸಿ ಮಳಿಗೆ ಎಷ್ಟು ಚದರಡಿ, ಮನೆ ಎಷ್ಟು ಅಂತ ಮೊದಲೇ ಬರೆದಿಟ್ಕೊಳ್ಳಿ.

ಶುಂಠಿ ಕಣ:
ಸೈನಿಕರಿಗೆ ಕೊಡಲಿ, ಬೇಡ ಅನ್ನಲ್ಲ. ಆದರೆ ಬಾಕಿಯವರಿಗೆ ಏನಿದೆ? ಏಪ್ರಿಲ್‌ನಲ್ಲಿ ಕಟ್ಟಿದ್ರೆ ಶೇ. 5 ರಿಯಾಯಿತಿ. ಅಷ್ಟೇ. ಮೇ, ಜೂನ್ ಪೂರ್ತಿ ಕಟ್ಟಬೇಕು, ಜುಲೈಯಿಂದ ತಿಂಗಳಿಗೆ ಶೇ. 2 ದಂಡ. ವರ್ಷಕ್ಕೆ ಶೇ. 24! ಯಾವ ಬ್ಯಾಂಕಲ್ಲಿ ಇದೆ ಈ ಬಡ್ಡಿ?

ನಾನು ಕೆಲಸಕ್ಕೆ ಬೆಂಗಳೂರಲ್ಲಿದ್ದೆ, ಮನೆಗೆ ಬೀಗ. 2013-14ರಿಂದ 2018-19ರವರೆಗೆ ಕಟ್ಟಿರಲಿಲ್ಲ. ವರ್ಷಕ್ಕೆ 5,200ರಂತೆ ಆರು ವರ್ಷಕ್ಕೆ 31,200. 2019ರ ಜೂನ್ ಕೊನೆಗೆ ಕಟ್ಟೋಕೆ ಹೋದ್ರೆ ಮೊದಲ ವರ್ಷದ್ದಕ್ಕೆ 72 ತಿಂಗಳ ದಂಡ, ಎರಡನೇದಕ್ಕೆ 60, ಹೀಗೆ ಇಳೀತಾ ಕೊನೇದಕ್ಕೆ 12. ಕೂಡಿಸಿದ್ರೆ ದಂಡವೇ 26,208. ಒಟ್ಟು 57,408 ರೂಪಾಯಿ ನಾನು ಶುಂಠಿ ಮಾರಿದ ದುಡ್ಡಲ್ಲಿ ಕಟ್ಟಿದೆ. ಬೀಗ ಹಾಕಿದ ಮನೆ, ಒಂದು ಬಕೆಟ್ ನೀರು ಬಳಸಿಲ್ಲ, ಕಸ ಹಾಕಿಲ್ಲ. ಆದರೂ ಆರೋಗ್ಯ ಸೆಸ್ ಶೇ. 15, ಗ್ರಂಥಾಲಯ ಶೇ. 6, ಭಿಕ್ಷುಕರ ಸೆಸ್ ಶೇ. 3. ಎಲ್ಲದೂ ಇದರ ಮೇಲೆ ಬೇರೆ.

ನಿವೃತ್ತ ಮೇಷ್ಟ್ರು:
ಸೆಸ್ ವಿಷಯ ಗೊತ್ತಿದ್ದೂ ಆರು ವರ್ಷ ಕಟ್ಟದೆ ಇದ್ದದ್ದು ತಪ್ಪಲ್ಲವೇ? ನಾನು 31 ವರ್ಷದಿಂದ ಏಪ್ರಿಲ್ ಮೊದಲ ವಾರದಲ್ಲಿಯೇ ಕಟ್ಟುತ್ತಿದ್ದೇನೆ. ಒಂದು ವರ್ಷವೂ ದಂಡ ತೆತ್ತಿಲ್ಲ.

ಶುಂಠಿ ಕಣ:
ನಿಮಗೆ ಒಂದನೇ ತಾರೀಕು ಸಂಬಳ ಬರ್ತಿತ್ತು ಮೇಷ್ಟ್ರೇ. ಶುಂಠಿ ರೇಟು ಬಿದ್ದ ವರ್ಷ ಮೂಟೆ ಕೀಳೋ ಕೂಲಿ ಹುಟ್ಟಲ್ಲ. ಆ ಮಾತು ನನಗೆ ಹೇಳಬೇಡಿ.

ನಿವೃತ್ತ ಮೇಷ್ಟ್ರು:
ಸರಿ, ಆ ಮಾತು ಹಿಂತೆಗೆದುಕೊಳ್ಳುತ್ತೇನೆ. ಪ್ರಶ್ನೆ ಕೇಳಿದವರಿಗೆ ಉಪಯೋಗವಾಗುವುದನ್ನು ಹೇಳುತ್ತೇನೆ.

ಮೂಲ ಪತ್ರ ಕಳೆದುಹೋದರೆ ಆಸ್ತಿ ಹೋದಂತೆ ಅಲ್ಲ. ಸ್ಥಿರಾಸ್ತಿಯ ಪತ್ರಗಳು ಸಬ್ ರಿಜಿಸ್ಟ್ರಾರ್ ಕಚೇರಿಯ 1ನೇ ಪುಸ್ತಕದಲ್ಲಿ ನಕಲಾಗಿರುತ್ತವೆ. 1908ರ ನೋಂದಣಿ ಕಾಯ್ದೆಯ ಪ್ರಕಾರ ಆ ಪುಸ್ತಕವನ್ನೂ ಅದರ ಇಂಡೆಕ್ಸನ್ನೂ ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು, ನಕಲು ಪಡೆಯಬಹುದು. ನಿಮಗೆ ಏನು ಸಂಬಂಧ ಎಂದು ಕೇಳುವ ಹಾಗಿಲ್ಲ. 1ನೇ ಇಂಡೆಕ್ಸ್ ಹೆಸರಿನದು, 2ನೇ ಇಂಡೆಕ್ಸ್ ಆಸ್ತಿಯದು. ನಾನು ನಮ್ಮ ತಾಯಿಯ ತವರಿನ ಜಾಗದ 1962ರ ಪತ್ರ ಹುಡುಕಿಸಿದ್ದು ಹೆಸರಿನಿಂದಲೇ. ಅಜ್ಜನ ಹೆಸರು ಮೂರು ಬಗೆಯಲ್ಲಿ ಬರೆದಿದ್ದರು. ಒಂದು ಕಡೆ 'ಗೌಡ' ಇದೆ, ಒಂದು ಕಡೆ ಇಲ್ಲ, ಇನ್ನೊಂದು ಕಡೆ ತಂದೆಯ ಹೆಸರು ಮುಂದೆ ಬಂದಿದೆ. ಕೊಟ್ಟವರ ಹೆಸರಿನಲ್ಲಿ ಹುಡುಕಿದಾಗ ಸಿಕ್ಕಿತು, ತೆಗೆದುಕೊಂಡವರ ಹೆಸರಿನಲ್ಲಿ ಸಿಗಲಿಲ್ಲ. ಹಾಗಾಗಿ ನಿಮ್ಮ ತಂದೆಗೆ ಮಾರಿದವರು ಯಾರು ಎಂಬುದು ನಿಮ್ಮ ತಾಯಿಗೆ ನೆನಪಿದ್ದರೆ ಈಗಲೇ ಕೇಳಿ ಬರೆದಿಟ್ಟುಕೊಳ್ಳಿ. ವಯಸ್ಸಾದವರ ನೆನಪು ಇದ್ದಾಗಲೇ ಕೇಳಬೇಕು. ನಾನು ನಮ್ಮ ತಾಯಿಯನ್ನು ಕೇಳಲು ತಡಮಾಡಿದೆ.

ನಗರಸಭೆಯ ಹಳೆಯ ಅಸೆಸ್‌ಮೆಂಟ್ (ಕಂದಾಯ ನಿಗದಿ) ರಿಜಿಸ್ಟರಿಗೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. 10 ರೂಪಾಯಿ ಶುಲ್ಕ, ಪುಟಕ್ಕೆ 2 ರೂಪಾಯಿ, 30 ದಿನದಲ್ಲಿ ಉತ್ತರ ಕೊಡಬೇಕು. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ನಾನು ಮೊದಲ ಅರ್ಜಿಯನ್ನು ನಾಲ್ಕು ಪುಟ ಬರೆದು ತಿರಸ್ಕೃತನಾದೆ.

ಕಾಫಿ ಹೂ:
ಖಾತೆಗೆ ಅಷ್ಟೊಂದು ಯಾಕೆ? ಅಕ್ಕಂದಿರ ಹತ್ರ ಹಕ್ಕು ಖುಲಾಸೆ ಪತ್ರಕ್ಕೆ (ಪಾಲು ಬಿಟ್ಟುಕೊಡೋ ಪತ್ರ) ಸಹಿ ಹಾಕಿಸ್ಕೊಳ್ಳಿ, ವಂಶವೃಕ್ಷ ಮಾಡಿಸಿ, ಪೌತಿ ಖಾತೆ (ತೀರಿಕೊಂಡವರಿಂದ ವಾರಸುದಾರರಿಗೆ ಆಗೋ ಖಾತೆ) ನಿಮ್ಮ ಹೆಸರಿಗೆ ಆಗುತ್ತೆ. ನಮ್ಮ ಮನೇಲಿ ಹಾಗೇ ಮಾಡಿದ್ದು. ತಂಗಿಯರಿಗೆ ಮದುವೆಗೆ ಕೊಟ್ಟಾಗಿತ್ತು, ಒಂದು ಮಾತೂ ಆಡದೆ ಸಹಿ ಹಾಕಿದ್ರು. ಹೆಣ್ಣುಮಕ್ಕಳಿಗೂ ಆಸ್ತಿ ಅನ್ನೋ 2005ರ ಕಾನೂನು ಬರೋಕೆ ಮುಂಚೆ ಮದುವೆ ಆದೋರಿಗೆ ಹೇಗೂ ಹಕ್ಕಿಲ್ಲ.

ಮೂಡಲ ಮನೆ ಅಕ್ಕ:
ಒಂದು ಮಾತೂ ಆಡದೆ ಸಹಿ ಹಾಕಿದ್ರು ಅಂತೀರಲ್ಲ, ಅವರನ್ನ ಕೂರಿಸ್ಕೊಂಡು ಕೇಳಿದೀರಾ? ನಾನೂ ಹಾಗೇ ಸಹಿ ಹಾಕಿದೋಳು. ಗೌರಿ ಹಬ್ಬಕ್ಕೆ ಬಾಗಿನ ಕೊಡ್ತೀವಿ ಬಾ ಅಂತ ಕರೆದ್ರು. ಊಟ ಆದ ಮೇಲೆ ಕಾರಲ್ಲಿ ಕೂರಿಸ್ಕೊಂಡು ಹೋದ್ರು, ಬ್ಯಾಂಕಿನ ಕೆಲಸ ಅಂದ್ರು. ಇಳಿದಿದ್ದು ರಿಜಿಸ್ಟ್ರಾರ್ ಆಫೀಸಲ್ಲಿ. ಬೆರಳಿಟ್ಟೆ, ಫೋಟೋ ತೆಗೆದ್ರು. ಮಡಿಲಲ್ಲಿ ಇನ್ನೂ ಬಾಗಿನದ ಅರಿಶಿನ ಕುಂಕುಮ ಇತ್ತು. ಆಮೇಲೆ ಆರು ವರ್ಷ ತವರಿಂದ ಕರೆ ಬಂದಿಲ್ಲ. ಇಲ್ಲಿ ಓದೋ ಹೆಣ್ಣುಮಕ್ಕಳಿಗೆ ಹೇಳ್ತೀನಿ, ಓದದೆ ಸಹಿ ಹಾಕಬೇಡಿ.

ಕಾಫಿ ಹೂ:
ನಿಮ್ಮ ಮನೆ ಕಥೆ ನಮ್ಮ ಮೇಲೆ ಹಾಕಬೇಡಿ. ನಾವು ತಂಗಿಯರನ್ನ ಚೆನ್ನಾಗಿ ನೋಡ್ಕೊಂಡಿದೀವಿ.

ನಿವೃತ್ತ ಮೇಷ್ಟ್ರು:
ಕಾಫಿ ಹೂ ಅವರು ಬರೆದ ಕಾನೂನು ತಪ್ಪಾಗಿದೆ, ಅದನ್ನು ಹಾಗೆಯೇ ಬಿಡುವಂತಿಲ್ಲ. 2005ರ ತಿದ್ದುಪಡಿ ಪಿತ್ರಾರ್ಜಿತ ಆಸ್ತಿಯ ಮಾತು. ಅದರಲ್ಲಿಯೂ ಮದುವೆಯಾದವರಿಗೆ ಹಕ್ಕಿಲ್ಲ ಎಂದು ಎಲ್ಲಿಯೂ ಇಲ್ಲ. ಮದುವೆಯ ಷರತ್ತು ಇದ್ದದ್ದು ನಮ್ಮ ರಾಜ್ಯದ 1994ರ ತಿದ್ದುಪಡಿಯಲ್ಲಿ. 2020ರಲ್ಲಿ ಸುಪ್ರೀಂ ಕೋರ್ಟು ಮಗಳ ಹಕ್ಕು ಹುಟ್ಟಿನಿಂದಲೇ ಬರುತ್ತದೆ, ತಂದೆ 2005ರಲ್ಲಿ ಬದುಕಿರಬೇಕೆಂದೂ ಇಲ್ಲ ಎಂದು ಹೇಳಿದೆ.

ಇವರ ತಂದೆಯದಂತೂ ಸ್ವಯಾರ್ಜಿತ. ವಿಲ್ ಇಲ್ಲ. ಅದಕ್ಕೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯೇ ಸಾಕು: ಹೆಂಡತಿ, ಮಗ, ಹೆಣ್ಣುಮಕ್ಕಳು ಎಲ್ಲರಿಗೂ ಸಮಪಾಲು. ತಂದೆಯ ತಾಯಿ ಬದುಕಿಲ್ಲದಿದ್ದರೆ ನಾಲ್ಕು ಪಾಲು. ಖಾತೆ ಒಬ್ಬರ ಹೆಸರಿಗೆ ಆದ ಮಾತ್ರಕ್ಕೆ ಮನೆ ಅವರೊಬ್ಬರದಾಗುವುದಿಲ್ಲ. ಖಾತೆ ಇರುವುದು ಕಂದಾಯ ಯಾರಿಂದ ವಸೂಲಿ ಮಾಡಬೇಕೆಂದು ತಿಳಿಯುವುದಕ್ಕೆ.

ಸುಬೇದಾರರ ಮಗಳು:
ಮೇಷ್ಟ್ರು ಹೇಳಿದ್ದು ಸರಿ. ಅಮ್ಮನ ಹೆಸರಿಗೆ ಮಾಡಿಸಿ ಕೆಂಪುಹಂಚು ಅವರೇ, ಸೈನಿಕರ ಕುಟುಂಬದ ವಿನಾಯಿತಿ ಕೇಳೋಕೂ ಅದೇ ಸುಲಭ. ನಮ್ಮಲ್ಲಿ ನಾವು ಮೂವರು ಮಕ್ಕಳೂ ಒಪ್ಪಿಗೆ ಬರೆದುಕೊಟ್ವಿ. ಅಮ್ಮನಿಗೆ ತನ್ನ ಹೆಸರಲ್ಲಿ ಮೊದಲ ರಸೀದಿ ಬಂದ ದಿನ ಅದನ್ನ ದೇವರ ಫೋಟೋ ಹಿಂದೆ ಇಟ್ಟರು.

ಬಯಲುಸೀಮೆ:
ಎಲ್ಲರೂ ಎರಡು ಸಾವಿರ, ಐದು ಸಾವಿರದ ವಿನಾಯಿತಿ ಮಾತಾಡ್ತಿದೀರಿ. ಮನೆ ಮಾಲೀಕನಿಗೆ ದೊಡ್ಡ ಹೊಡೆತ ಬೀಳೋದು ಮಾರೋವಾಗ, ಅದನ್ನ ಯಾರೂ ಹೇಳಲ್ಲ. ನಾನು ಹೇಳ್ತೀನಿ.

ಅಪ್ಪ 1984ರಲ್ಲಿ ಕಟ್ಟಿಸಿದ ಮನೆ. 2018ರ ನವೆಂಬರಿನಲ್ಲಿ 46 ಲಕ್ಷಕ್ಕೆ ಮಾರಿದೆ. 1-4-2001ಕ್ಕೆ ಅದರ ಬೆಲೆ ಎಷ್ಟಿತ್ತು ಅಂತ ವ್ಯಾಲ್ಯುಯರ್ ಹತ್ರ ಬರೆಸಬೇಕು. ಅವರು ಹಳೇ ಕಂದಾಯ ರಸೀದಿ, ಕ್ರಯಪತ್ರ, ಪ್ಲ್ಯಾನು ಎಲ್ಲಾ ಕೇಳಿದ್ರು. ದಾಖಲೆ ಇಟ್ಟಿದ್ದರಿಂದ 7,80,000 ಅಂತ ಬರೆದುಕೊಟ್ರು, ಫೀಸು 8,000. ಬೆಲೆ ಏರಿಕೆ ಲೆಕ್ಕಕ್ಕೆ ಹಿಡಿಯೋ ಸೂಚ್ಯಂಕ 2001ಕ್ಕೆ 100, ಮಾರಿದ ವರ್ಷಕ್ಕೆ 280, ಅಂದ್ರೆ 2.8 ಪಟ್ಟು, 21,84,000. ಮಾರಿದ್ದರಲ್ಲಿ ಅದನ್ನ ಕಳೆದ್ರೆ ಲಾಭ 24,16,000.

ಆಗಿನ ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 54ರಲ್ಲಿ ಮೂರು ವರ್ಷದೊಳಗೆ ಬೇರೆ ಮನೆ ಕಟ್ಟಿದ್ರೆ ತೆರಿಗೆ ಇಲ್ಲ. ಅಷ್ಟು ಗೊತ್ತಿತ್ತು. 11 ಲಕ್ಷಕ್ಕೆ ಸೈಟು ತಗೊಂಡೆ. ಬಾಕಿ 13,16,000ನ ಅದೇ ಬ್ಯಾಂಕಲ್ಲಿ ಎಫ್‌ಡಿ ಇಟ್ಟೆ, ಮನೆ ಕಟ್ಟೋಕೆ. ಇಲ್ಲೇ ತಪ್ಪಿದ್ದು. ರಿಟರ್ನ್ಸ್ ಹಾಕೋ ಕೊನೆ ದಿನದೊಳಗೆ ಖರ್ಚಾಗದೆ ಉಳಿದ ದುಡ್ಡನ್ನ ಕ್ಯಾಪಿಟಲ್ ಗೇನ್ಸ್ ಖಾತೆ ಅಂತ ಬೇರೆ ಇದೆ, ಅದರಲ್ಲೇ ಇಡಬೇಕು. ಸಾದಾ ಎಫ್‌ಡಿ ಲೆಕ್ಕಕ್ಕೇ ಬರಲ್ಲ. ಲೆಕ್ಕಪತ್ರ ನೋಡೋರು ಹೇಳಲಿಲ್ಲ, ನಾನೂ ಕೇಳಲಿಲ್ಲ. 2021ರಲ್ಲಿ ನೋಟಿಸು. ಸೆಸ್ ಸೇರಿ ಶೇ. 20.8, ಅಂದ್ರೆ 2,73,728. ಅದರ ಮೇಲೆ ಬಡ್ಡಿ. ಮನೆ ಗೋಡೆ ಲಿಂಟಲ್ ಮಟ್ಟಕ್ಕೆ ಬಂದು ನಿಂತುಹೋಯ್ತು. ಎರಡು ಮಳೆಗಾಲ ಕಬ್ಬಿಣ ಬಯಲಲ್ಲೇ ತುಕ್ಕು ಹಿಡೀತು.

ಹೇಮಾವತಿ ದಂಡೆ:
ಅವರು ಮನೆ ಮಾರ್ತೀನಿ ಅಂತ ಎಲ್ಲೂ ಹೇಳಿಲ್ಲ. ಹಂಚು ಸೋರ್ತಿದೆ ಅಂದ್ರು.

ಬಯಲುಸೀಮೆ:
ಇವತ್ತು ಹೇಳಿಲ್ಲ. ಹತ್ತು ವರ್ಷ ಆದ ಮೇಲೆ? ಆವತ್ತು ರಸೀದಿ ಹುಡುಕೋಕಾಗಲ್ಲ. 23-7-2024ಕ್ಕಿಂತ ಮುಂಚಿನ ಮನೆ ಆದ್ರೆ ಈಗ ಸೂಚ್ಯಂಕ ಇಲ್ಲದೆ ಶೇ. 12.5, ಅಥವಾ ಸೂಚ್ಯಂಕ ಹಾಕಿ ಶೇ. 20, ಯಾವುದು ಕಡಿಮೆಯೋ ಅದು. ಎರಡಕ್ಕೂ 2001ರ ಬೆಲೆ ಬೇಕೇ ಬೇಕು. ನನ್ನ 2.73 ಲಕ್ಷ ನಿಮಗೆ ಹಗುರ ಕಾಣಬಹುದು.

ಮತ್ತೆ ಅವರ ಮಳಿಗೆ ಬಾಡಿಗೆಗೂ ಇದು ಬೇಕು. ಬಾಡಿಗೆ ಆದಾಯದಲ್ಲಿ ಮೊದಲು ಆ ಭಾಗಕ್ಕೆ ಕಟ್ಟಿದ ಕಂದಾಯ ಕಳೀಬಹುದು, ಉಳಿದಿದ್ದರಲ್ಲಿ ಶೇ. 30 ರಿಪೇರಿ ಮಾಡಲಿ ಬಿಡಲಿ ಹಾಗೇ ಕಳೆಯುತ್ತೆ. ರಸೀದಿ ಎಸೆಯಬೇಡಿ ಅಂತ ಹೇಳೋದು ಇದಕ್ಕೇ.

ಬೆಟ್ಟದ ಹೋಂಸ್ಟೇ:
ಮಳಿಗೆ ಮಾತು ಬಂತಲ್ಲ, ಕೇಳ್ತೀನಿ. ನಾವು ಮನೇಲೇ ಇದ್ದು ನಾಲ್ಕು ರೂಮು ಹೋಂಸ್ಟೇ ಮಾಡಿದೀವಿ, ಪ್ರವಾಸೋದ್ಯಮ ಇಲಾಖೆ ನೋಂದಣಿ ಇದೆ. ನಮಗೆ ವಾಣಿಜ್ಯ ದರ ಹಾಕಿದಾರೆ. ಮನೆ ಅಂದ ಮೇಲೆ ಮನೆ ದರವೇ ಅಲ್ವಾ?

ಶುಂಠಿ ಕಣ:
ಶನಿವಾರ ಭಾನುವಾರ ರೂಮಿಗೆ ಐದೈದು ಸಾವಿರ ತಗೊಂಡು ಮನೆ ದರ ಬೇಕಾ? ನಮ್ಮ ರಸ್ತೇಲಿ ರಾತ್ರಿ ಎರಡು ಗಂಟೆವರೆಗೆ ಹಾಡು ಹಾಕ್ತಾರೆ. ಬೀಗ ಹಾಕಿದ ಮನೆಗೆ ನಾನು ದಂಡ ಕಟ್ಟಿದೀನಿ.

ಬೆಟ್ಟದ ಹೋಂಸ್ಟೇ:
ನಮ್ಮಲ್ಲಿ ಹತ್ತು ಗಂಟೆಗೆ ದೀಪ ಆರಿಸ್ತೀವಿ. ಮೆಣಸಿಗೆ ಸೊರಗು ರೋಗ ಬಂದು ಬಳ್ಳಿ ಎಲ್ಲಾ ಒಣಗಿದ ಮೇಲೆ ಹೊಟ್ಟೆಪಾಡಿಗೆ ಶುರು ಮಾಡಿದ್ದು. ಎಲ್ಲರನ್ನೂ ಒಂದೇ ತಕ್ಕಡೀಲಿ ತೂಗಬೇಡಿ.

ಮೂಡಲ ಮನೆ ಅಕ್ಕ:
ಹೋಂಸ್ಟೇ ಜಗಳ ಬೇರೆ ಕಡೆ ಮಾಡ್ಕೊಳ್ಳಿ. ಆ ಹುಡುಗನ ಅಮ್ಮ ಸೋರೋ ಮನೇಲಿ ಇದ್ದಾರೆ.

ಹಳೆಪತ್ರ:
ಅಕ್ಕ ಹೇಳಿದ್ದು ಸರಿ. ತಮ್ಮಾ, ಅಪ್ಪನ ಹಳೇ ಕಾಗದ ಏನಾದ್ರೂ ಇದೆಯಾ? ಕರೆಂಟ್ ಬಿಲ್ಲು, ನೀರಿನ ಕಾರ್ಡು, ಏನಾದ್ರೂ ಸರಿ. 2004ಕ್ಕಿಂತ ಹಿಂದಿನ ಯಾವುದಾದ್ರೂ ಒಂದು ನಂಬರ್ ಬೇಕು.

ಕೆಂಪುಹಂಚು:
ಎಲ್ಲರಿಗೂ ಧನ್ಯವಾದ. ನಿನ್ನೆ ರಾತ್ರಿ ಅಮ್ಮ, ನಾನು ಅಪ್ಪನ ಮಿಲಿಟರಿ ಟ್ರಂಕು ತೆಗೆದ್ವಿ. ಡಿಸ್ಚಾರ್ಜ್ ಬುಕ್ಕು ಸಿಕ್ತು. ಅದರ ಕೆಳಗೆ ಕಂದಾಯ ರಸೀದಿ ಕಟ್ಟು, ಸೆಣಬಿನ ದಾರದಲ್ಲಿ ಕಟ್ಟಿದಾರೆ, 1981ರಿಂದ ಒಂದು ವರ್ಷವೂ ಬಿಟ್ಟಿಲ್ಲ. 1994ರವರೆಗೆ ರಸೀದಿಯಲ್ಲಿ ಡೋರ್ ನಂಬರ್ 1173 ಅಂತಿದೆ. 95ರಿಂದ ಬೇರೆ ನಂಬರ್. ನಾನು ಕಾವೇರಿಯಲ್ಲಿ ಹಾಕಿದ್ದು ಈಗಿನ ಪಿಐಡಿ (ಆಸ್ತಿ ಗುರುತಿನ) ನಂಬರ್ ಒಂದೇ. ಮಾರಿದವರ ಹೆಸರು ಕೇಳಿದ್ರೆ ಅಮ್ಮ ತಕ್ಷಣ ಹೇಳಿದ್ರು. ಅವರ ಮನೆ ಮಗಳ ಮದುವೆಗೆ ದುಡ್ಡು ಬೇಕಿತ್ತಂತೆ, ಅದಕ್ಕೇ ಮಾರಿದ್ದಂತೆ. ಮನೆ ಪೂರ್ವಕ್ಕೆ ಆಗ ಹುಣಸೆಮರ ಇತ್ತು ಅಂತಲೂ ಹೇಳಿದ್ರು.

ಅಕ್ಕಂದಿರಿಬ್ಬರಿಗೂ ಫೋನ್ ಮಾಡಿದೆ. ಖಾತೆ ಅಮ್ಮನ ಹೆಸರಿಗೇ ಆಗಲಿ ಅಂದ್ರು. ಸೋಮವಾರ ರಜೆ ಹಾಕಿದೀನಿ.

ಹಳೆಪತ್ರ:
1173 ಒಂದು ಅರ್ಜಿ, ಈಗಿನ ನಂಬರ್ ಇನ್ನೊಂದು, ಮಾರಿದವರ ಹೆಸರಲ್ಲಿ ಇಂಡೆಕ್ಸ್ ಬೇರೆ. ಮೂರಕ್ಕೂ ಹಾಕಿ. ಹುಣಸೆಮರನ ಚಕ್ಕುಬಂದಿಯಲ್ಲಿ ಬರೀರಿ. ರಸೀದಿ ಕಟ್ಟಿನ ಝೆರಾಕ್ಸ್ ತಗೊಂಡು ಹೋಗಿ, ಮೂಲ ಮನೇಲೇ ಇರಲಿ.

ಸುಬೇದಾರರ ಮಗಳು:
ಡಿಸ್ಚಾರ್ಜ್ ಬುಕ್ಕಲ್ಲಿ ಹೆಸರು, ಖಾತೆಯಲ್ಲಿ ಹೆಸರು ಎರಡನ್ನೂ ಇವತ್ತೇ ಪಕ್ಕದಲ್ಲಿಟ್ಟು ನೋಡಿ. ಇನಿಷಿಯಲ್ ಸಹ.